ಸಿಂಫನಿ: ಟೆಂಪ್ಲೇಟಿನೊಳಗಿಂದ ಕಂಟ್ರೋಲರ್ ಕರೆಯುವುದನ್ನು ಬಿಟ್ಟು ಟ್ವಿಗ್ ಕಾಂಪೊನೆಂಟ್‌ಗೆ ಬದಲಾಯಿಸಬೇಕೇ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ.

ಕನ್ನಡ ಪುಸ್ತಕಗಳನ್ನು ಮಾರುವ ಒಂದು ಜಾಲತಾಣದ ಕೆಲಸವನ್ನು ನಾವು ಮೂವರು ಸೇರಿ ನೋಡಿಕೊಳ್ಳುತ್ತಿದ್ದೇವೆ. ಪಿಎಚ್‌ಪಿಯ ಫ್ರೇಮ್‌ವರ್ಕ್ ಆದ ಸಿಂಫನಿ 6.4, ಪಿಎಚ್‌ಪಿ 8.2, ಡೇಟಾಬೇಸಿಗೆ ಡಾಕ್ಟ್ರಿನ್ ಮತ್ತು ಟೆಂಪ್ಲೇಟಿಗೆ ಟ್ವಿಗ್ ಬಳಸುತ್ತೇವೆ. ಮೂಲ ಕೋಡ್ ನಮಗಿಂತ ಮೊದಲಿದ್ದವರು ಬರೆದದ್ದು. ಪುಟದ ಯಾವುದೇ ತುಂಡಿಗೆ ಡೇಟಾಬೇಸಿನಿಂದ ಏನಾದರೂ ಬೇಕಾದರೆ ಅವರು ಟೆಂಪ್ಲೇಟಿನೊಳಗಿಂದಲೇ ಒಂದು ಕಂಟ್ರೋಲರನ್ನು (ಕೋರಿಕೆಗೆ ಉತ್ತರ ಸಿದ್ಧಪಡಿಸುವ ಕೋಡನ್ನು) ಕರೆಯುತ್ತಿದ್ದರು. ಅಂದರೆ ಟ್ವಿಗ್‌ನ ರೆಂಡರ್ ಫಂಕ್ಷನ್ನಿಗೆ ಕಂಟ್ರೋಲರಿನ ಹೆಸರು ಕೊಟ್ಟು, ಅದು ಹಿಂದಿರುಗಿಸಿದ ಎಚ್‌ಟಿಎಂಎಲ್ ಅನ್ನು ಅದೇ ಜಾಗದಲ್ಲಿ ಇಡುತ್ತಿದ್ದರು.

ಈಗ ನಮ್ಮ ಮುಖಪುಟದ ಸ್ಥಿತಿ ಹೀಗಿದೆ. 24 ಪುಸ್ತಕಗಳ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಕೆಳಗೆ ಓದುಗರು ಕೊಟ್ಟ ಅಂಕ ಬರುತ್ತದೆ, ಮತ್ತು ಅದಕ್ಕೆ ಪ್ರತಿ ಪುಸ್ತಕಕ್ಕೂ ಒಂದು ಕಂಟ್ರೋಲರ್ ಕರೆ ಇದೆ. ಮೇಲಿನ ಪಟ್ಟಿಯಲ್ಲಿ ಬುಟ್ಟಿಯಲ್ಲಿರುವ ಪುಸ್ತಕಗಳ ಸಂಖ್ಯೆಗೆ ಒಂದು, ವಿಭಾಗಗಳ ಮೆನುವಿಗೆ ಒಂದು, ಸಿಬ್ಬಂದಿಗೆ ಮಾತ್ರ ಕಾಣಬೇಕಾದ ‘ದಾಸ್ತಾನು ಕಡಿಮೆ ಇರುವ ಪುಸ್ತಕಗಳು’ ಎಂಬ ಪಕ್ಕದ ಪಟ್ಟಿಗೆ ಒಂದು, ಅಡಿಯಲ್ಲಿರುವ ಸುದ್ದಿಪತ್ರದ ಚಂದಾ ಫಾರ್ಮಿಗೆ ಒಂದು. ಪ್ರೊಫೈಲರ್ ತೆರೆದು ನೋಡಿದರೆ ಒಂದು ಮುಖಪುಟಕ್ಕೆ 28 ಸಬ್‌ರಿಕ್ವೆಸ್ಟ್‌ಗಳು, ಅಂದರೆ ಅಪ್ಲಿಕೇಶನ್ ತನಗೆ ತಾನೇ ಕಳಿಸಿಕೊಳ್ಳುವ ಒಳ ಕೋರಿಕೆಗಳು, ಕಾಣುತ್ತವೆ. ಕಾರ್ಯಕ್ಷಮತೆಯ ಕಾಲರೇಖೆಯಲ್ಲಿ ಒಂದೇ ಬಗೆಯ ಪಟ್ಟೆಗಳು ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತಾ ಹೋಗುತ್ತವೆ.

ನಿಧಾನವೊಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಕಳೆದ ತಿಂಗಳು ಪುಟಗಳ ಭೇಟಿಯನ್ನು ಎಣಿಸಲು ಒಂದು ಸಣ್ಣ ಲಿಸನರ್ (ಈವೆಂಟ್ ನಡೆದಾಗ ತಾನಾಗಿ ಓಡುವ ಕೋಡ್) ಬರೆದೆವು. ಒಬ್ಬರು ಒಮ್ಮೆ ಮುಖಪುಟ ತೆರೆದರೆ ಎಣಿಕೆ 29 ಏರುತ್ತಿತ್ತು. ಕಾರಣ ತಿಳಿಯಲು ಅರ್ಧ ದಿನ ಹಿಡಿಯಿತು. ಮೆನುವಿನಲ್ಲಿ ಈಗಿರುವ ವಿಭಾಗವನ್ನು ದಪ್ಪಕ್ಷರದಲ್ಲಿ ತೋರಿಸಬೇಕೆಂದು ಹೋದಾಗ, ಮೆನುವಿನ ಟೆಂಪ್ಲೇಟಿನೊಳಗೆ ರಿಕ್ವೆಸ್ಟಿನ ರೂಟ್ ಹೆಸರು (ಯಾವ ವಿಳಾಸ ಯಾವ ಕಂಟ್ರೋಲರಿಗೆ ಎಂಬ ನಿಯಮದ ಹೆಸರು) ಖಾಲಿಯಾಗಿ ಬರುತ್ತಿತ್ತು.

ಸಿಂಫನಿ ಯುಎಕ್ಸ್‌ನ ಟ್ವಿಗ್ ಕಾಂಪೊನೆಂಟ್ ಈ ಕೆಲಸಕ್ಕೆ ಸರಿಯಾದದ್ದೆಂದು ಓದಿದ್ದೇನೆ. ನನ್ನ ಪ್ರಶ್ನೆ ಇಷ್ಟು: ಈ 28 ಕರೆಗಳನ್ನೂ ಕಾಂಪೊನೆಂಟ್ ಮಾಡಿಬಿಡಬಹುದೇ, ಅಥವಾ ಕೆಲವನ್ನು ಹಾಗೆಯೇ ಉಳಿಸಿಕೊಳ್ಳಬೇಕೇ? ಬದಲಾಯಿಸುವಾಗ ಕಣ್ಣಿಗೆ ಕಾಣದೆ ಕೈತಪ್ಪಿ ಹೋಗುವಂಥದ್ದು ಏನಾದರೂ ಇದೆಯೇ? ಸ್ವತಃ ಬದಲಾಯಿಸಿ ನೋಡಿದವರು ಹೇಳಿದರೆ ಬಹಳ ಉಪಕಾರವಾಗುತ್ತದೆ.


ಉತ್ತರ 1: ಬಯಲುಸೀಮೆ

ತುಂಗಾತೀರ ಅವರೇ, ನಾನು ಇಂಥದ್ದೇ ಒಂದು ಅಪ್ಲಿಕೇಶನ್ನನ್ನು ಪೂರ್ತಿ ಬದಲಾಯಿಸಿದ್ದೇನೆ. ಬದಲಾಯಿಸಿ; ಆದರೆ ಎಲ್ಲವನ್ನೂ ಒಂದೇ ಬಾರಿಗೆ ಬೇಡ, ಮತ್ತು ಕೆಳಗೆ ಹೇಳುವ ಎರಡು ಸಂಗತಿಗಳನ್ನು ನೋಡಿಕೊಳ್ಳದೆ ಒಂದನ್ನೂ ಬೇಡ.

ಮೊದಲು ನಿಮ್ಮ 29ರ ಎಣಿಕೆಯ ವಿಷಯ. ಟೆಂಪ್ಲೇಟಿನೊಳಗಿಂದ ಕಂಟ್ರೋಲರ್ ಕರೆದಾಗ ಸಿಂಫನಿ ಅದನ್ನು ಸಾಮಾನ್ಯ ಮೆಥಡ್ ಕರೆಯಂತೆ ನೋಡುವುದಿಲ್ಲ. ಹೊಸದೊಂದು ರಿಕ್ವೆಸ್ಟ್ ಆಬ್ಜೆಕ್ಟನ್ನು ಕಟ್ಟಿ, ಅದನ್ನು ಕರ್ನೆಲ್ಲಿನ (ಕೋರಿಕೆಗಳನ್ನೆಲ್ಲ ನಿಭಾಯಿಸುವ ಸಿಂಫನಿಯ ತಿರುಳಿನ) ಬಾಗಿಲಿಗೆ ಮತ್ತೆ ಕೊಡುತ್ತದೆ. ಹೀಗಾಗಿ ಕರ್ನೆಲ್ ರಿಕ್ವೆಸ್ಟ್, ಕರ್ನೆಲ್ ಕಂಟ್ರೋಲರ್, ಕರ್ನೆಲ್ ರೆಸ್ಪಾನ್ಸ್ ಎಂಬ ಈವೆಂಟ್‌ಗಳೆಲ್ಲ ಪ್ರತಿ ತುಂಡಿಗೂ ಮತ್ತೊಮ್ಮೆ ಹೊರಡುತ್ತವೆ, ಮತ್ತು ಅವುಗಳಿಗೆ ಕಿವಿಗೊಟ್ಟಿರುವ ಪ್ರತಿ ಲಿಸನರ್ ಮತ್ತೊಮ್ಮೆ ಓಡುತ್ತದೆ. ಲಿಸನರಿನ ಮೊದಲ ಸಾಲಿನಲ್ಲೇ ‘ಇದು ಮುಖ್ಯ ರಿಕ್ವೆಸ್ಟ್ ಹೌದೇ’ ಎಂದು ಈಸ್‌ಮೈನ್‌ರಿಕ್ವೆಸ್ಟ್ ಮೆಥಡ್‌ನಿಂದ ಕೇಳಿಕೊಳ್ಳಬೇಕು, 5.3ಕ್ಕಿಂತ ಹಿಂದಿನ ಕೋಡಿನಲ್ಲಿ ಇದೇ ಮೆಥಡ್ ಈಸ್‌ಮಾಸ್ಟರ್‌ರಿಕ್ವೆಸ್ಟ್ ಎಂಬ ಹೆಸರಿನಲ್ಲಿತ್ತು. ರೂಟ್ ಹೆಸರು ಖಾಲಿ ಬರುವುದಕ್ಕೂ ಕಾರಣ ಇದೇ. ಟ್ವಿಗ್‌ನ ಆ್ಯಪ್ ವೇರಿಯಬಲ್ ಕೊಡುವುದು ಈಗ ಓಡುತ್ತಿರುವ ರಿಕ್ವೆಸ್ಟನ್ನು, ಮತ್ತು ನಿಮ್ಮ ಮೆನು ಓಡುತ್ತಿರುವುದು ತನ್ನದೇ ಸಬ್‌ರಿಕ್ವೆಸ್ಟಿನೊಳಗೆ. ಆ ರಿಕ್ವೆಸ್ಟ್ ರೂಟರಿನ ಮೂಲಕ ಬಂದದ್ದೇ ಅಲ್ಲ.

ಕಾಂಪೊನೆಂಟ್‌ನಲ್ಲಿ ಇದ್ಯಾವುದೂ ಇಲ್ಲ. ಅದೊಂದು ಸಾಮಾನ್ಯ ಪಿಎಚ್‌ಪಿ ಕ್ಲಾಸ್ ಮತ್ತು ಅದಕ್ಕೆ ಹೊಂದಿದ ಒಂದು ಟೆಂಪ್ಲೇಟ್. ಕ್ಲಾಸಿನ ಮೇಲೆ ಒಂದು ಆಟ್ರಿಬ್ಯೂಟ್ ಹಾಕಿದರೆ ಸಾಕು, ಅದು ಸರ್ವಿಸ್ ಆಗಿ ನೋಂದಣಿಯಾಗುತ್ತದೆ, ಕನ್‌ಸ್ಟ್ರಕ್ಟರಿನಲ್ಲಿ ರೆಪಾಸಿಟರಿಯನ್ನು ಕೇಳಿ ಪಡೆಯಬಹುದು, ಪಬ್ಲಿಕ್ ಪ್ರಾಪರ್ಟಿಗಳು ಹೊರಗಿಂದ ಬರುವ ಮಾಹಿತಿಗೆ ದಾರಿಯಾಗುತ್ತವೆ. ಮುಖ್ಯ ರಿಕ್ವೆಸ್ಟಿನೊಳಗೇ ಎಲ್ಲವೂ ನಡೆಯುವುದರಿಂದ ನಿಮ್ಮ ಮೆನುವಿಗೆ ರೂಟ್ ಹೆಸರು ತಾನಾಗಿ ಸಿಗುತ್ತದೆ. ಬರೆಯುವ ಕ್ರಮವನ್ನು ದಾಖಲೆಯಲ್ಲಿ ನೋಡಿಕೊಳ್ಳಿ, ಒಂದು ಸಂಜೆಯ ಓದು.

ಇನ್ನು ಆ ಎರಡು ಸಂಗತಿಗಳು. ಮೊದಲನೆಯದು ತಪ್ಪು ಸಂಭವಿಸಿದಾಗ ಏನಾಗುತ್ತದೆ ಎಂಬುದು. ಪ್ರೊಡಕ್ಷನ್‌ನಲ್ಲಿ, ಅಂದರೆ ಡೀಬಗ್ ಆರಿಸಿರುವಾಗ, ಒಳಗೆ ಕರೆದ ಕಂಟ್ರೋಲರ್ ಎಕ್ಸೆಪ್ಶನ್ ಎಸೆದರೆ ಸಿಂಫನಿ ಅದನ್ನು ಲಾಗಿಗೆ ಬರೆದು, ಆ ತುಂಡಿನ ಜಾಗದಲ್ಲಿ ಏನನ್ನೂ ಇಡದೆ, ಉಳಿದ ಪುಟವನ್ನು ಓದುಗರಿಗೆ ಕೊಡುತ್ತದೆ. ತಪ್ಪುಗಳನ್ನು ಕಡೆಗಣಿಸುವ ಆಯ್ಕೆಯೊಂದು ಅಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ನಮ್ಮ ಹಳೆಯ ಪುಟದಲ್ಲಿ ಹೊರಗಿನ ಒಂದು ಸೇವೆಯಿಂದ ಅಂಚೆ ವೆಚ್ಚ ತರುವ ತುಂಡೊಂದಿತ್ತು. ಆ ಸೇವೆ ವಾರಕ್ಕೊಮ್ಮೆಯಾದರೂ ಕೈಕೊಡುತ್ತಿತ್ತು. ಆಗೆಲ್ಲ ಬೆಲೆಗೂ ‘ಬುಟ್ಟಿಗೆ ಹಾಕಿ’ ಗುಂಡಿಗೂ ನಡುವೆ ಎರಡು ಬೆರಳಿನಷ್ಟು ಬಿಳಿ ಜಾಗ ಉಳಿಯುತ್ತಿತ್ತು, ಅಷ್ಟೆ. ಯಾರೂ ದೂರಿರಲಿಲ್ಲ, ಲಾಗನ್ನು ಯಾರೂ ಓದಿರಲಿಲ್ಲ. ಅದನ್ನು ಕಾಂಪೊನೆಂಟ್ ಮಾಡಿದ ವಾರದಲ್ಲೇ ಆ ಸೇವೆ ಮತ್ತೆ ನಿಂತಿತು, ಮತ್ತು ಈ ಸಲ ಪುಸ್ತಕದ ಪುಟವೇ 500 (ಸರ್ವರ್ ತಪ್ಪು) ತೋರಿಸಿತು. ಕಾಂಪೊನೆಂಟ್‌ನೊಳಗಿನ ಎಕ್ಸೆಪ್ಶನ್ ನೇರವಾಗಿ ಮೇಲಕ್ಕೆ ಏರಿ ಇಡೀ ಪುಟವನ್ನು ಕೆಡವುತ್ತದೆ. ಎರಡು ಗಂಟೆ ಮಾರಾಟ ನಿಂತಿತ್ತು, ಅದರ ಹೊಣೆ ನನ್ನದು.

ಆ ದಿನದ ನಂತರ ನಾವು ಮಾಡಿಕೊಂಡ ಕ್ರಮ ಇದು: ಪ್ರತಿ ತುಂಡನ್ನು ಬದಲಾಯಿಸುವ ಮೊದಲು, ‘ಇದು ಇಲ್ಲದೆ ಪುಟಕ್ಕೆ ಅರ್ಥವಿದೆಯೇ’ ಎಂದು ಕೇಳಿಕೊಳ್ಳುವುದು. ಅರ್ಥವಿದ್ದರೆ, ಹೊರಗಿನ ಕರೆಯನ್ನು ಕಾಂಪೊನೆಂಟ್ ಕ್ಲಾಸಿನ ಮೆಥಡ್‌ನಲ್ಲೇ ಹಿಡಿದು, ಲಾಗ್ ಮಾಡಿ, ಖಾಲಿ ಮೌಲ್ಯ ಹಿಂದಿರುಗಿಸಿ, ಟೆಂಪ್ಲೇಟಿನಲ್ಲಿ ‘ಅಂಚೆ ವೆಚ್ಚವನ್ನು ಮುಂದಿನ ಹಂತದಲ್ಲಿ ತಿಳಿಸಲಾಗುವುದು’ ಎಂಬ ಸಾಲು ತೋರಿಸುವುದು. ಅರ್ಥವಿಲ್ಲದಿದ್ದರೆ 500 ಬರಲಿ, ಅದು ಬರಲೇಬೇಕಾದದ್ದು. ಹಳೆಯ ಬಿಳಿ ಜಾಗಕ್ಕಿಂತ ಇದು ಮೇಲು ಎಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ಇಲ್ಲಿ ಏನಾಗಬೇಕೆಂದು ಬರೆದವರೇ ತೀರ್ಮಾನಿಸಿರುತ್ತಾರೆ.

ಎರಡನೆಯದು ಇನ್ನೂ ಗಂಭೀರ, ಮತ್ತು ಅದು ನಿಮ್ಮ ‘ದಾಸ್ತಾನು ಕಡಿಮೆ’ ಪಟ್ಟಿಗೆ ನೇರವಾಗಿ ಸಂಬಂಧಿಸಿದ್ದು. ಆ ಕಂಟ್ರೋಲರಿನ ಮೇಲೆ ಅನುಮತಿ ಪರೀಕ್ಷಿಸುವ ಈಸ್‌ಗ್ರ್ಯಾಂಟೆಡ್ ಆಟ್ರಿಬ್ಯೂಟ್ ಇದೆಯೇ ನೋಡಿ. ಕಂಟ್ರೋಲರಿನ ಮೇಲಿದ್ದಾಗ ಅದನ್ನು ಓದುವುದು ಕಂಟ್ರೋಲರ್ ಆರ್ಗ್ಯುಮೆಂಟ್ಸ್ ಈವೆಂಟಿನ ಒಂದು ಲಿಸನರ್. ಸಬ್‌ರಿಕ್ವೆಸ್ಟಿನಲ್ಲೂ ಅದು ಓಡುತ್ತದೆ. ಸಾಮಾನ್ಯ ಓದುಗರು ಬಂದಾಗ ಎಕ್ಸೆಪ್ಶನ್ ಏಳುತ್ತದೆ, ಮೇಲೆ ಹೇಳಿದಂತೆ ಪ್ರೊಡಕ್ಷನ್‌ನಲ್ಲಿ ಅದು ನುಂಗಲ್ಪಡುತ್ತದೆ, ಪಟ್ಟಿ ಕಾಣುವುದಿಲ್ಲ. ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಅದೇ ಆಟ್ರಿಬ್ಯೂಟನ್ನು ನಕಲು ಮಾಡಿ ಕಾಂಪೊನೆಂಟ್ ಕ್ಲಾಸಿನ ಮೇಲೆ ಹಾಕಿದರೆ ಪಿಎಚ್‌ಪಿ ಯಾವ ತಕರಾರೂ ಮಾಡುವುದಿಲ್ಲ, ಆದರೆ ಅದನ್ನು ಓದುವವರೇ ಅಲ್ಲಿ ಇಲ್ಲ. ಕಾಂಪೊನೆಂಟ್ ಮೂಡುವಾಗ ಕಂಟ್ರೋಲರ್ ಈವೆಂಟ್ ಹೊರಡುವುದಿಲ್ಲ. ಪಟ್ಟಿ ಎಲ್ಲರಿಗೂ ಕಾಣುತ್ತದೆ. ಅಭಿವೃದ್ಧಿಯ ಹೊತ್ತಿನಲ್ಲಿ ಎಲ್ಲರೂ ಸಿಬ್ಬಂದಿ ಖಾತೆಯಿಂದಲೇ ಲಾಗಿನ್ ಆಗಿರುವ ತಂಡಗಳಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಹೊರಗೆ ಹೋಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಟೆಂಪ್ಲೇಟಿನಲ್ಲಿ ಕಾಂಪೊನೆಂಟನ್ನು ಕರೆಯುವ ಜಾಗದಲ್ಲೇ ಅನುಮತಿಯ ಷರತ್ತನ್ನು ಬರೆಯಿರಿ. ಜೊತೆಗೆ ಕ್ಲಾಸಿನೊಳಗೆ ದತ್ತಾಂಶ ತರುವ ಮೆಥಡ್‌ನಲ್ಲೂ ಸೆಕ್ಯುರಿಟಿ ಸರ್ವಿಸನ್ನು ಕೇಳಿ, ಅನುಮತಿ ಇಲ್ಲದಿದ್ದರೆ ಖಾಲಿ ಪಟ್ಟಿ ಕೊಡಿ. ಲಾಗಿನ್ ಆಗದ ಓದುಗರಾಗಿ ಮುಖಪುಟ ತೆರೆದು ಆ ಶೀರ್ಷಿಕೆ ಇಲ್ಲವೆಂದು ಖಚಿತಪಡಿಸುವ ಟೆಸ್ಟ್ ಒಂದನ್ನು ಬದಲಾವಣೆಗೆ ಮೊದಲೇ ಬರೆದಿಡಿ.

ಅಂಕಗಳ ವಿಷಯಕ್ಕೆ ಬಂದರೆ, 24 ಕಂಟ್ರೋಲರ್ ಕರೆಗಳ ಬದಲು 24 ಕಾಂಪೊನೆಂಟ್‌ಗಳು ತಮ್ಮ ತಮ್ಮ ಕ್ವೆರಿ ಓಡಿಸಿದರೆ ಸಬ್‌ರಿಕ್ವೆಸ್ಟ್‌ಗಳು ಹೋಗುತ್ತವೆಯೇ ಹೊರತು ಕ್ವೆರಿಗಳು 24 ಇದ್ದದ್ದು 24 ಆಗಿಯೇ ಉಳಿಯುತ್ತವೆ. ಡಾಕ್ಟ್ರಿನ್ ಒಮ್ಮೆ ತಂದ ಎಂಟಿಟಿಯನ್ನು ಐಡಿಯಿಂದ ಕೇಳಿದರೆ ಮತ್ತೆ ಡೇಟಾಬೇಸಿಗೆ ಹೋಗುವುದಿಲ್ಲ, ನಿಜ. ಸರಾಸರಿ ತೆಗೆಯುವ ಕ್ವೆರಿಗೆ ಆ ಅನುಕೂಲವಿಲ್ಲ. ಕಾಂಪೊನೆಂಟ್‌ಗಳು ಹಂಚಿಕೊಳ್ಳುವ ಸರ್ವಿಸ್‌ಗಳಲ್ಲ, ಪ್ರತಿ ಬಾರಿಯೂ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಹಾಗಾಗಿ ಒಂದರ ಪ್ರಾಪರ್ಟಿಯಲ್ಲಿ ಇಟ್ಟ ಫಲಿತಾಂಶ ಇನ್ನೊಂದಕ್ಕೆ ಸಿಗದು. ಮುಖಪುಟದ ಕಂಟ್ರೋಲರಿನಲ್ಲೇ ಆ 24 ಐಡಿಗಳಿಗೆ ಒಂದೇ ಗ್ರೂಪ್ ಬೈ ಕ್ವೆರಿ ಓಡಿಸಿ, ಬಂದ ಸರಾಸರಿಯನ್ನು ಪುಸ್ತಕದ ಕಾರ್ಡ್ ಕಾಂಪೊನೆಂಟ್‌ಗೆ ಕೊಡಿ. ಆಗ ಕಾರ್ಡಿಗೆ ಕ್ಲಾಸೇ ಬೇಡ, ಟೆಂಪ್ಲೇಟ್ ಕಡತ ಒಂದೇ ಇರುವ ಅನಾಮಿಕ ಕಾಂಪೊನೆಂಟ್ ಸಾಕು. ಸಾಲುಸಾಲಾಗಿ ಬರುವ ಕಾಂಪೊನೆಂಟ್ ಕೊಟ್ಟದ್ದನ್ನು ತೋರಿಸಲಿ. ಪುಟಕ್ಕೊಂದೇ ಇರುವ ಮೆನುವಿನಂಥದ್ದು ತನಗೆ ಬೇಕಾದದ್ದನ್ನು ತಾನೇ ತಂದುಕೊಳ್ಳಲಿ. ನಾನು ಇದನ್ನು ಬಿಟ್ಟು ನಡೆದ ಕಡೆಯಲ್ಲೆಲ್ಲ ಮತ್ತೆ ಹಿಂದೆ ಬಂದು ತಿದ್ದಬೇಕಾಯಿತು.

ಕಾಂಪೊನೆಂಟ್ ಟೆಂಪ್ಲೇಟಿನಲ್ಲಿ ಒಂದೇ ಮೆಥಡ್‌ನ ಫಲಿತಾಂಶ ಎರಡು ಕಡೆ ಬೇಕಾದರೆ, ಉದಾಹರಣೆಗೆ ಪಟ್ಟಿ ಖಾಲಿಯೇ ಎಂದು ನೋಡಲು ಒಮ್ಮೆ ಮತ್ತು ಪಟ್ಟಿ ತೋರಿಸಲು ಇನ್ನೊಮ್ಮೆ, ‘ದಿಸ್’ ಬದಲು ‘ಕಂಪ್ಯೂಟೆಡ್’ ಎಂಬ ವೇರಿಯಬಲ್‌ನ ಮೂಲಕ ಕರೆಯಿರಿ. ಮೊದಲನೆಯದು ಕರೆದಷ್ಟು ಸಲವೂ ಕ್ವೆರಿ ಓಡಿಸುತ್ತದೆ, ಎರಡನೆಯದು ಒಮ್ಮೆ ಓಡಿಸಿ ನೆನಪಿಟ್ಟುಕೊಳ್ಳುತ್ತದೆ.


ಉತ್ತರ 2: ಘಟ್ಟದ ಕೆಳಗಿನವ

ಬಯಲುಸೀಮೆ ಅವರು ಹೇಳಿದ್ದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ, ಆದರೆ ಬುಟ್ಟಿಯ ಸಂಖ್ಯೆಯನ್ನು ಅವರು ಮುಟ್ಟಲಿಲ್ಲ. ಆ ಒಂದು ತುಂಡನ್ನು ಕಾಂಪೊನೆಂಟ್ ಮಾಡುವ ಮೊದಲು ತಡೆದು ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ.

ನಿಮ್ಮ ಮುಖಪುಟ ಎಲ್ಲರಿಗೂ ಒಂದೇ ಬಗೆಯದು. ಬುಟ್ಟಿಯ ಸಂಖ್ಯೆ ಮತ್ತು ಸಿಬ್ಬಂದಿಯ ಪಟ್ಟಿ ಮಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಅಂಥ ಪುಟವನ್ನು ವಾರ್ನಿಶ್‌ನಂಥ ಕ್ಯಾಶ್ ಪ್ರಾಕ್ಸಿಯ (ಸಿದ್ಧ ಪುಟದ ಪ್ರತಿ ಇಟ್ಟುಕೊಂಡು ಸರ್ವರಿನ ಬದಲು ತಾನೇ ಕೊಡುವ ತಂತ್ರಾಂಶದ) ಹಿಂದೆ ಇಟ್ಟು, ಹತ್ತು ನಿಮಿಷ ಸಾರ್ವಜನಿಕವಾಗಿ ಕ್ಯಾಶ್ ಮಾಡಿದರೆ ಹೆಚ್ಚಿನ ಭೇಟಿಗಳಿಗೆ ಪಿಎಚ್‌ಪಿಯೇ ಓಡಬೇಕಾಗಿಲ್ಲ. ಬುಟ್ಟಿಯ ಸಂಖ್ಯೆಯನ್ನು ಓದಲು ಸೆಷನ್ (ಆ ಓದುಗರ ಕುರಿತು ಸರ್ವರ್ ನೆನಪಿಟ್ಟಿರುವ ಮಾಹಿತಿ) ತೆರೆಯಬೇಕು. ಒಂದು ರಿಕ್ವೆಸ್ಟಿನಲ್ಲಿ ಸೆಷನ್ ಬಳಕೆಯಾಯಿತೆಂದರೆ ಸಿಂಫನಿ ಆ ರೆಸ್ಪಾನ್ಸನ್ನು ತಾನಾಗಿ ಖಾಸಗಿ ಎಂದು ಗುರುತು ಮಾಡುತ್ತದೆ, ನೀವು ಕಂಟ್ರೋಲರಿನಲ್ಲಿ ಸಾರ್ವಜನಿಕ ಎಂದು ಬರೆದಿದ್ದರೂ ಸಹ. ಇದು ಒಬ್ಬರ ಬುಟ್ಟಿ ಇನ್ನೊಬ್ಬರಿಗೆ ಕಾಣದಂತೆ ಇಟ್ಟಿರುವ ಸರಿಯಾದ ಕಾವಲು. ಆದರೆ ಅದರ ಫಲವಾಗಿ, ಮೂಲೆಯಲ್ಲಿರುವ ಒಂದು ಅಂಕಿಯಿಂದ ಇಡೀ ಮುಖಪುಟ ಕ್ಯಾಶ್‌ನಿಂದ ಹೊರಗೆ ಬೀಳುತ್ತದೆ. ಈಗಿನ ನಿಮ್ಮ ಸಾಮಾನ್ಯ ರೆಂಡರ್ ಕರೆಯಲ್ಲೂ ಅದೇ ಆಗುತ್ತಿದೆ, ಏಕೆಂದರೆ ಸಬ್‌ರಿಕ್ವೆಸ್ಟ್ ಕೂಡ ಅದೇ ಸೆಷನ್ನನ್ನು ಹಂಚಿಕೊಳ್ಳುತ್ತದೆ. ಕಾಂಪೊನೆಂಟ್ ಮಾಡಿದರೂ ಅದೇ.

ಇದರಿಂದ ಹೊರಬರುವ ದಾರಿ ಇಎಸ್‌ಐ (ಎಡ್ಜ್ ಸೈಡ್ ಇನ್‌ಕ್ಲೂಡ್ಸ್). ಪುಟದಲ್ಲಿ ಬುಟ್ಟಿಯ ಜಾಗಕ್ಕೆ ಒಂದು ವಿಶೇಷ ಟ್ಯಾಗ್ ಮಾತ್ರ ಹೋಗುತ್ತದೆ, ಪ್ರಾಕ್ಸಿ ಆ ಟ್ಯಾಗನ್ನು ನೋಡಿ ಆ ತುಂಡಿಗಷ್ಟೇ ಸರ್ವರನ್ನು ಮತ್ತೆ ಕೇಳುತ್ತದೆ, ಉಳಿದ ಪುಟ ಕ್ಯಾಶ್‌ನಿಂದ ಬರುತ್ತದೆ. 2001ರಲ್ಲಿ ಅಕಮೈ, ಒರಾಕಲ್ ಮೊದಲಾದ ಕಂಪನಿಗಳು ಸೇರಿ ಮುಂದಿಟ್ಟ ಹಳೆಯ ಕ್ರಮ ಇದು, ಇಂದಿಗೂ ಕೆಲಸಕ್ಕೆ ಬರುತ್ತದೆ. ಪ್ರಾಕ್ಸಿ ಪ್ರತ್ಯೇಕವಾಗಿ ಕೇಳಬೇಕಾದರೆ ಆ ತುಂಡಿಗೆ ತನ್ನದೇ ವಿಳಾಸ ಮತ್ತು ತನ್ನದೇ ರೆಸ್ಪಾನ್ಸ್ ಇರಬೇಕು. ಅಂದರೆ ಅದು ಕಂಟ್ರೋಲರೇ ಆಗಿರಬೇಕು. ಕಾಂಪೊನೆಂಟ್‌ಗೆ ವಿಳಾಸವೂ ಇಲ್ಲ, ಹೆಡರ್‌ಗಳೂ ಇಲ್ಲ. ರೆಂಡರ್ ಬದಲು ರೆಂಡರ್ ಇಎಸ್‌ಐ ಎಂದು ಬರೆದು, ಇಎಸ್‌ಐ ಸೌಲಭ್ಯವನ್ನು ಸಂರಚನೆಯಲ್ಲಿ ಚಾಲೂ ಮಾಡಿದರೆ ಆಯಿತು. ಎದುರಿಗೆ ಇಎಸ್‌ಐ ಬಲ್ಲ ಪ್ರಾಕ್ಸಿ ಇಲ್ಲದಿದ್ದರೆ ಸಿಂಫನಿ ಅದನ್ನು ಎಂದಿನಂತೆ ಒಳಗೇ ಓಡಿಸಿ ಕೊಡುತ್ತದೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನೂ ಕೆಡುವುದಿಲ್ಲ. ಸಿಬ್ಬಂದಿಯ ಪಟ್ಟಿಯನ್ನಂತೂ ಮುಖಪುಟದಿಂದ ತೆಗೆದು ಸಿಬ್ಬಂದಿಯ ಪುಟಕ್ಕೇ ಒಯ್ಯಿರಿ, ಏಕೆಂದರೆ ಲಾಗಿನ್ ಆಗಿದ್ದಾರೆಯೇ ಎಂದು ಕೇಳುವುದೂ ಸೆಷನ್ನನ್ನು ಮುಟ್ಟುತ್ತದೆ.

ಇನ್ನೊಂದು ಮಾತು ಭದ್ರತೆಯ ಕುರಿತು. ಟೆಂಪ್ಲೇಟಿನಿಂದ ಕಂಟ್ರೋಲರಿನ ಹೆಸರು ಹಿಡಿದು ಕರೆಯಲು ಸಂರಚನೆಯಲ್ಲಿ ಫ್ರಾಗ್ಮೆಂಟ್ ಎಂಬ ವಿಶೇಷ ವಿಳಾಸವನ್ನು ತೆರೆದಿಟ್ಟಿರುತ್ತೀರಿ. ಆ ವಿಳಾಸಕ್ಕೆ ಬರುವ ಕೋರಿಕೆಗಳನ್ನು ಅಪ್ಲಿಕೇಶನ್ನಿನ ರಹಸ್ಯ ಕೀಲಿಯಿಂದ ಮಾಡಿದ ಸಹಿಯೊಂದೇ ಕಾಯುತ್ತದೆ. ಕೀಲಿ ಸೋರಿದರೆ ಹೊರಗಿನವರು ತಮಗೆ ಬೇಕಾದ ಪಿಎಚ್‌ಪಿ ಫಂಕ್ಷನ್ನನ್ನು ಆ ದಾರಿಯಿಂದ ಕರೆಯಬಹುದು. ಇದು ಬಹಳ ಹೆಸರಾದ ದಾಳಿಯ ದಾರಿ. ಬುಟ್ಟಿಯ ತುಂಡಿಗೆ ಸ್ವಂತ ರೂಟ್ ಕೊಟ್ಟು, ಕಂಟ್ರೋಲರಿನ ಹೆಸರಿನ ಬದಲು ಆ ರೂಟಿನ ವಿಳಾಸದಿಂದ ಕರೆಯಿರಿ. ಉಳಿದವೆಲ್ಲ ಕಾಂಪೊನೆಂಟ್ ಆದ ದಿನ ಆ ಫ್ರಾಗ್ಮೆಂಟ್ ಸಾಲನ್ನು ಸಂರಚನೆಯಿಂದ ಅಳಿಸಿಬಿಡಿ. ನನ್ನ ಮಟ್ಟಿಗೆ ಈ ಬದಲಾವಣೆಯಿಂದ ಸಿಗುವ ಅತಿ ದೊಡ್ಡ ಲಾಭ ವೇಗವಲ್ಲ, ಆ ಸಾಲನ್ನು ಅಳಿಸುವುದು.


ಉತ್ತರ 3: ನೇತ್ರಾವತಿ

ನಾನು ಸಿಂಫನಿಯವಳಲ್ಲ, ಡಾಟ್‌ನೆಟ್ ಕಡೆಯವಳು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಈ ತೀರ್ಮಾನವನ್ನು ಫ್ರೇಮ್‌ವರ್ಕ್ ಮಾಡಿದವರೇ ನಮ್ಮ ಪರವಾಗಿ ತೆಗೆದುಕೊಂಡರು. ಎಎಸ್‌ಪಿ ಡಾಟ್‌ನೆಟ್ ಎಂವಿಸಿಯಲ್ಲಿ ಚೈಲ್ಡ್ ಆ್ಯಕ್ಷನ್ ಎಂಬುದಿತ್ತು. ವ್ಯೂ ಒಳಗಿಂದ ಎಚ್‌ಟಿಎಂಎಲ್ ಡಾಟ್ ಆ್ಯಕ್ಷನ್ ಎಂದು ಕರೆದರೆ ಇನ್ನೊಂದು ಕಂಟ್ರೋಲರ್ ಓಡುತ್ತಿತ್ತು, ಫಿಲ್ಟರ್‌ಗಳೆಲ್ಲ ಮತ್ತೊಮ್ಮೆ ಓಡುತ್ತಿದ್ದವು. 2016ರಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ ಕೋರ್ ಅದನ್ನು ಪೂರ್ತಿ ಕೈಬಿಟ್ಟು ವ್ಯೂ ಕಾಂಪೊನೆಂಟ್ ಕೊಟ್ಟಿತು.

ಆ ದಾಟುವಿಕೆಯಲ್ಲಿ ನನಗೆ ನಿಜವಾದ ಬಿಡುಗಡೆ ಅನ್ನಿಸಿದ್ದು ಅಸಿಂಕ್ (ಉತ್ತರಕ್ಕೆ ಕಾಯುತ್ತಾ ತಡೆದು ನಿಲ್ಲದ ಕೋಡ್) ವಿಷಯದಲ್ಲಿ. ಎಂವಿಸಿ 5ರಲ್ಲಿ ಚೈಲ್ಡ್ ಆ್ಯಕ್ಷನ್ ಅಸಿಂಕ್ ಆಗಿರುವಂತಿರಲಿಲ್ಲ. ಹಾಗೆ ಬರೆದರೆ ಎಕ್ಸಿಕ್ಯೂಟ್ ತಡೆದು ನಿಂತಿದೆ ಎಂಬ ತಪ್ಪು ಬರುತ್ತಿತ್ತು. ವ್ಯೂ ಕಾಂಪೊನೆಂಟ್‌ನ ಮುಖ್ಯ ಮೆಥಡ್ ಅಸಿಂಕ್ ಆಗಿಯೇ ಬರುತ್ತದೆ. ಪಿಎಚ್‌ಪಿಯಲ್ಲಿ ಈ ಕಷ್ಟ ನಿಮಗಿಲ್ಲ.

ಆದರೆ ಬಯಲುಸೀಮೆ ಅವರು ಹೇಳಿದ ಅನುಮತಿಯ ಸಂಗತಿ ಅಕ್ಷರಶಃ ನಮಗೂ ಅನ್ವಯಿಸುತ್ತದೆ. ವ್ಯೂ ಕಾಂಪೊನೆಂಟ್ ಕಂಟ್ರೋಲರಿನ ಜೀವನಕ್ರಮದಲ್ಲಿ ಭಾಗವಹಿಸುವುದಿಲ್ಲ, ಅದರ ಮೇಲೆ ಫಿಲ್ಟರ್ ಓಡುವುದಿಲ್ಲ. ಆಥರೈಸ್ ಆಟ್ರಿಬ್ಯೂಟನ್ನು ನಂಬಿ ಚೈಲ್ಡ್ ಆ್ಯಕ್ಷನ್ ಬರೆದಿದ್ದ ಕಡೆಗಳನ್ನು ನಾವು ಒಂದೊಂದಾಗಿ ಹುಡುಕಿ ಕಾಗದದ ಮೇಲೆ ಪಟ್ಟಿ ಮಾಡಿಕೊಂಡೆವು, ಪಟ್ಟಿಯಲ್ಲಿ ಗುರುತು ಬಿದ್ದ ಮೇಲೆಯೇ ಹಳೆಯ ಕೋಡನ್ನು ಅಳಿಸಿದೆವು. ಸಂಪಾದಕದಲ್ಲಿ ಒಂದು ಹುಡುಕಾಟ ಸಾಕು ಅನ್ನಿಸುತ್ತದೆ. ಬೇಸ್ ಕ್ಲಾಸಿನ ಮೇಲಿದ್ದ ಆಟ್ರಿಬ್ಯೂಟ್ ಆ ಹುಡುಕಾಟದಲ್ಲಿ ಕಾಣುವುದಿಲ್ಲ. ನಿಮ್ಮ ಕಂಟ್ರೋಲರ್‌ಗಳು ಯಾವುದಾದರೂ ಸಾಮಾನ್ಯ ಕ್ಲಾಸಿನಿಂದ ಇಳಿದು ಬಂದಿದ್ದರೆ ಅಲ್ಲಿಯೂ ನೋಡಿ.


ತುಂಗಾತೀರ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ನಿನ್ನೆ ಮತ್ತು ಇಂದು ಕೂತು ಅಂಕ ಮತ್ತು ಮೆನು ಎರಡನ್ನೂ ಬದಲಾಯಿಸಿದೆವು. ಅಂಕಗಳಿಗೆ ಈಗ ಒಂದೇ ಕ್ವೆರಿ, ಪ್ರೊಫೈಲರಿನಲ್ಲಿ ಸಬ್‌ರಿಕ್ವೆಸ್ಟ್‌ಗಳು 28ರಿಂದ 3ಕ್ಕೆ ಇಳಿದಿವೆ. ಮೆನುವಿನಲ್ಲಿ ಈಗಿರುವ ವಿಭಾಗ ದಪ್ಪಕ್ಷರದಲ್ಲಿ ಕಾಣುತ್ತಿದೆ; ಅದಕ್ಕಾಗಿ ಬೇರೆ ಏನನ್ನೂ ಬರೆಯಬೇಕಾಗಲಿಲ್ಲ. ಸಿಬ್ಬಂದಿಯ ಪಟ್ಟಿಗೆ ಮೊದಲು ಟೆಸ್ಟ್ ಬರೆದೆವು. ನೇತ್ರಾವತಿ ಅವರ ಮಾತಿನಂತೆ ನೋಡಿದಾಗ ಅನುಮತಿಯ ಆಟ್ರಿಬ್ಯೂಟ್ ನಿಜಕ್ಕೂ ಬೇಸ್ ಕ್ಲಾಸಿನ ಮೇಲೇ ಇತ್ತು. ಹೇಳದಿದ್ದರೆ ನಮಗೆ ಕಾಣುತ್ತಿರಲಿಲ್ಲ. ಬುಟ್ಟಿಯನ್ನು ಸದ್ಯಕ್ಕೆ ಮುಟ್ಟುವುದಿಲ್ಲ, ಮುಂದಿನ ತಿಂಗಳು ವಾರ್ನಿಶ್ ಹಾಕುವಾಗ ಇಎಸ್‌ಐ ಮಾಡುತ್ತೇವೆ.

ಚಂದಾ ಫಾರ್ಮ್ ಒಂದೇ ಉಳಿದಿದೆ. ಹಳೆಯ ಕೋಡಿನಲ್ಲಿ ಫಾರ್ಮ್ ತೋರಿಸುವ ಕಂಟ್ರೋಲರಿನಲ್ಲೇ ಫಾರ್ಮ್ ಸಲ್ಲಿಕೆಯನ್ನು ನಿಭಾಯಿಸುವ ಸಾಲುಗಳೂ ಇವೆ, ಆದರೆ ಅವು ಎಂದೂ ಓಡಿದಂತೆ ಕಾಣುವುದಿಲ್ಲ. ಸಲ್ಲಿಕೆ ಬೇರೊಂದು ರೂಟಿಗೆ ಹೋಗಿ, ಇಮೇಲ್ ವಿಳಾಸ ತಪ್ಪಿದ್ದರೆ ಏನೂ ಹೇಳದೆ ಮುಖಪುಟಕ್ಕೆ ಮರಳುತ್ತದೆ. ನನ್ನ ಸಹೋದ್ಯೋಗಿ ಆ ಸಾಲುಗಳನ್ನು ಕಾಂಪೊನೆಂಟ್‌ನ ಮೌಂಟ್ ಮೆಥಡ್‌ಗೆ ತಂದು, ಯಶಸ್ವಿಯಾದರೆ ರಿಡೈರೆಕ್ಟ್ ಹಿಂದಿರುಗಿಸಲು ನೋಡಿದರು, ಆಗಲಿಲ್ಲ. ಇದಕ್ಕೆ ಸರಿಯಾದ ಕ್ರಮ ಯಾವುದು?


ಬಯಲುಸೀಮೆ

ಆ ಸಾಲುಗಳು ಓಡದಿರುವುದಕ್ಕೆ ಕಾರಣ, ಒಳಗೆ ಕರೆದ ಕಂಟ್ರೋಲರಿಗೆ ಸಿಂಫನಿ ಕಟ್ಟಿಕೊಡುವ ಸಬ್‌ರಿಕ್ವೆಸ್ಟ್ ಯಾವಾಗಲೂ ಗೆಟ್ (ಪುಟ ಕೇಳುವ ಕೋರಿಕೆ, ಫಾರ್ಮ್ ಸಲ್ಲಿಸುವ ಪೋಸ್ಟ್ ಅಲ್ಲ) ಆಗಿರುತ್ತದೆ. ಮುಖ್ಯ ಪುಟ ಪೋಸ್ಟ್ ಆಗಿ ಬಂದಿದ್ದರೂ ಒಳಗಿನ ಫಾರ್ಮಿಗೆ ತಾನು ಸಲ್ಲಿಕೆಯಾಗಿದ್ದೇನೆಂದು ತಿಳಿಯುವುದೇ ಇಲ್ಲ. ಒಂದು ವೇಳೆ ಹೇಗಾದರೂ ರಿಡೈರೆಕ್ಟ್ ಹಿಂದಿರುಗಿಸಿದ್ದರೂ, ಸ್ಥಿತಿ 302 ಎಂಬ ತಪ್ಪಿನೊಂದಿಗೆ ಪುಟ ನಿಲ್ಲುತ್ತಿತ್ತು, ಏಕೆಂದರೆ ಒಳಗಿನ ತುಂಡು 200ರ ಸಾಲಿನ ರೆಸ್ಪಾನ್ಸನ್ನೇ ಕೊಡಬೇಕು. ಕಾಂಪೊನೆಂಟ್‌ನಲ್ಲಿಯೂ ಅದು ಆಗದು. ಟೆಂಪ್ಲೇಟ್ ಮೂಡುತ್ತಿರುವ ಹೊತ್ತಿಗೆ ರೆಸ್ಪಾನ್ಸ್ ಏನೆಂಬ ತೀರ್ಮಾನ ಆಗಿಹೋಗಿರುತ್ತದೆ, ಮೌಂಟ್ ಹಿಂದಿರುಗಿಸಿದ್ದನ್ನು ಯಾರೂ ರೆಸ್ಪಾನ್ಸ್ ಎಂದು ತೆಗೆದುಕೊಳ್ಳುವುದಿಲ್ಲ.

ಹೀಗೆ ಮಾಡಿ. ಸಲ್ಲಿಕೆಗೆ ಈಗಿರುವ ಸಾಮಾನ್ಯ ಕಂಟ್ರೋಲರನ್ನೇ ಉಳಿಸಿಕೊಳ್ಳಿ. ಕಾಂಪೊನೆಂಟ್‌ಗೆ ‘ಫಾರ್ಮ್’ ಎಂಬ ಐಚ್ಛಿಕ ಪ್ರಾಪರ್ಟಿ ಇರಲಿ. ಯಾರೂ ಕೊಡದಿದ್ದರೆ ಅದು ಫಾರ್ಮ್ ಫ್ಯಾಕ್ಟರಿಯಿಂದ ಖಾಲಿ ಫಾರ್ಮ್ ಕಟ್ಟಿಕೊಂಡು, ಆ್ಯಕ್ಷನ್ ವಿಳಾಸವಾಗಿ ಸಲ್ಲಿಕೆಯ ರೂಟನ್ನು ಇಟ್ಟುಕೊಳ್ಳಲಿ. ಎಲ್ಲ ಪುಟಗಳ ಅಡಿಯಲ್ಲಿ ಕಾಣುವುದು ಇದು. ಸಲ್ಲಿಕೆ ಸರಿಯಿದ್ದರೆ ಕಂಟ್ರೋಲರ್ ರಿಡೈರೆಕ್ಟ್ ಮಾಡಲಿ. ತಪ್ಪಿದ್ದರೆ ರಿಡೈರೆಕ್ಟ್ ಮಾಡದೆ, ಚಂದಾ ಕುರಿತಾದ ಒಂದು ಸಣ್ಣ ಪುಟವನ್ನು ಮೂಡಿಸಿ, ತಪ್ಪುಗಳನ್ನು ಹೊತ್ತಿರುವ ಆ ಫಾರ್ಮನ್ನೇ ಕಾಂಪೊನೆಂಟ್‌ಗೆ ಕೊಡಲಿ. ನೀವು ರೆಂಡರ್ ಮೆಥಡ್‌ಗೆ ಫಾರ್ಮನ್ನು ನೇರವಾಗಿ ಕೊಟ್ಟರೆ, ಅದು ಸಲ್ಲಿಕೆಯಾಗಿ ತಪ್ಪಿದ್ದಾಗ 6.2ರಿಂದೀಚೆಗೆ ಸಿಂಫನಿ ರೆಸ್ಪಾನ್ಸಿನ ಸ್ಥಿತಿಯನ್ನು ತಾನೇ 422 (ಸಲ್ಲಿಸಿದ ಮಾಹಿತಿ ಸರಿಯಿಲ್ಲ) ಮಾಡುತ್ತದೆ. ಆ ಪುಟದ ಅಡಿಯಲ್ಲಿ ಮತ್ತೊಂದು ಖಾಲಿ ಚಂದಾ ಫಾರ್ಮ್ ಬಾರದಂತೆ ಆ ಬ್ಲಾಕನ್ನು ಅಲ್ಲಿ ತೆಗೆದುಬಿಡಿ, ಇಲ್ಲವಾದರೆ ಒಂದೇ ಐಡಿಯ ಎರಡು ಇನ್‌ಪುಟ್‌ಗಳಾಗಿ ಲೇಬಲ್ ಒತ್ತಿದಾಗ ಕರ್ಸರ್ ಬೇರೆ ಕಡೆ ಹೋಗುತ್ತದೆ.

ಪುಟ ಮರುಲೋಡ್ ಆಗದೆ ಅಲ್ಲಲ್ಲೇ ತಪ್ಪು ತೋರಿಸಬೇಕೆಂದು ಯಾರಾದರೂ ಕೇಳಿದರೆ ಆಗ ಲೈವ್ ಕಾಂಪೊನೆಂಟ್ ನೋಡಿ. ಒಂದು ಇಮೇಲ್ ಪೆಟ್ಟಿಗೆಗೆ ಅದನ್ನು ಈಗಲೇ ತರುವ ಅಗತ್ಯ ನನಗೆ ಕಾಣುವುದಿಲ್ಲ.